ಅವನ ನಾಯಕ, ನನ್ನ ತುಳು

ನನ್ನ ಗೆಳೆಯನೊಬ್ಬ ವಕೀಲ. ಪತ್ತೇದಾರಿ ಕಾದಂಬರಿಗಳನ್ನು ಬರೆದು ಹೆಸರು ಮಾಡಿದವನು. ನಾನೂ ವಕೀಲನೇ, ಆದರೆ ನನ್ನ ಹೆಸರು ಬಂಟ್ವಾಳದ ಸೇತುವೆ ದಾಟಿ ಹೋದದ್ದು ಕಡಿಮೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುವಾಗ ಇವತ್ತಿಗೂ ನನ್ನ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ. ಹೊಟ್ಟೆಕಿಚ್ಚು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಅದಕ್ಕೆ ಬೇರೆ ಹೆಸರಿಟ್ಟು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವನು ಬರೆದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅವನ ಕಾದಂಬರಿಗಳ ನಾಯಕ, ಎಲ್ಲೆಲ್ಲಿಯ ಜನರೋ ಮೆಚ್ಚಿಕೊಂಡ ಆ ಜಾಣ ವಕೀಲ, ನಾನು. ಅದನ್ನು ಅವನು ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಎದುರು ಹೇಳಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ತೊಂಬತ್ತರ ದಶಕದ ಆರಂಭದಲ್ಲಿ ನಾವಿಬ್ಬರೂ ಬಂಟ್ವಾಳದ ಒಬ್ಬ ಹಿರಿಯ ವಕೀಲರ ಕೈಕೆಳಗೆ ಜೂನಿಯರುಗಳಾಗಿ ಸೇರಿದೆವು. ಇಬ್ಬರಿಗೂ ಸೇರಿ ಒಂದು ಮೇಜು, ಎರಡು ಕುರ್ಚಿ. ಒಂದು ಕುರ್ಚಿಯ ಕಾಲು ಅಲುಗಾಡುತ್ತಿತ್ತು. ಅದು ಹೇಗೋ ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಅವನು ನರಿಕೊಂಬಿನ ಗುತ್ತಿನ ಮನೆಯವನು, ಎಂದರೆ ಊರಿನ ಹಳೆಯ ಜಮೀನ್ದಾರಿ ಮನೆತನದವನು, ಎತ್ತರದ ಆಳು. ಕಪ್ಪು ಕೋಟು ಹಾಕಿಕೊಂಡು ನಡೆದರೆ ಕೋರ್ಟಿನ ಜಗಲಿಯಲ್ಲಿ ಕೂತವರು ಸುಮ್ಮನೆ ಎದ್ದು ನಿಲ್ಲುತ್ತಿದ್ದರು. ನಾನು ಪೇಟೆಯ ಬ್ಯಾರಿ, ಎಂದರೆ ಈ ಕಡೆಯ ಮುಸ್ಲಿಂ, ಕುಳ್ಳ, ಅಪ್ಪನ ಬಟ್ಟೆ ಅಂಗಡಿಯಲ್ಲಿ ಥಾನುಗಳ ನಡುವೆ ಬೆಳೆದವನು. ಅಣ್ಣಂದಿರಿಬ್ಬರೂ ಗಲ್ಫಿಗೆ ಹೋಗಿದ್ದರು. ನಾನೊಬ್ಬ ಕಾನೂನು ಓದುತ್ತೇನೆಂದು ಹಟ ಹಿಡಿದು ಊರಿನಲ್ಲಿ ಉಳಿದಿದ್ದೆ. ರೂಪಿನಲ್ಲಿ ಅವನದೇ ಮೇಲುಗೈ, ಒಪ್ಪಿದೆ. ಆದರೆ ಸಾಕ್ಷಿಯ ಎದುರು ಪಾಟೀಸವಾಲಿಗೆ ನಿಂತರೆ ಬರೆದುಕೊಂಡು ಬಂದ ಪ್ರಶ್ನೆಯನ್ನೂ ನುಂಗಿಕೊಂಡು ಕೂತುಬಿಡುತ್ತಿದ್ದ. ಹಿರಿಯರು ಅದನ್ನು ನೋಡಿ ಅವನನ್ನು ಆಸ್ತಿ ಪಾಲಿನ ದಾವೆಗಳಿಗೆ ಹಾಕಿದರು, ನನ್ನನ್ನು ಕ್ರಿಮಿನಲ್ ಕೇಸುಗಳಿಗೆ.

ನಮ್ಮ ಕಡೆಯ ಕೋರ್ಟುಗಳ ಒಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಇಲ್ಲಿ ಮನೆಯಲ್ಲಿ, ಗದ್ದೆಯಲ್ಲಿ, ಬಸ್ಸಿನಲ್ಲಿ ಹೆಚ್ಚಿನವರು ಆಡುವುದು ತುಳು. ಕನ್ನಡ ಶಾಲೆಯ ಭಾಷೆ, ಕಚೇರಿಯ ಭಾಷೆ. ಅದನ್ನು ಆಡುವಾಗ ಇಸ್ತ್ರಿ ಹಾಕಿದ ಅಂಗಿ ತೊಟ್ಟವರ ಹಾಗೆ ನಮ್ಮವರು ಸ್ವಲ್ಪ ಬಿಗಿಯಾಗುತ್ತಾರೆ. ಸುಳ್ಳು ಸಾಕ್ಷಿ ಹೇಳಲು ಬರುವವನಿಗೆ ಮೊದಲೇ ಯಾರಾದರೂ ಪಾಠ ಹೇಳಿಕೊಟ್ಟಿರುತ್ತಾರೆ. ಕೋರ್ಟಿನಲ್ಲಿ ಹೇಳಬೇಕಾದದ್ದು ಕನ್ನಡದಲ್ಲಿ ಎಂದು ಆ ಪಾಠವೂ ಕನ್ನಡದಲ್ಲೇ ನಡೆದಿರುತ್ತದೆ. ತುಳುವಿನಲ್ಲಿ ಸುಳ್ಳು ಹೇಳುವುದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ಇದನ್ನು ಕಂಡುಹಿಡಿದವನು ನಾನು.

ಬೆಳ್ತಂಗಡಿಯಲ್ಲಿ ದಾರಿ ಜಗಳದ ಕೇಸೊಂದಿತ್ತು. ಕತ್ತಿಯಲ್ಲಿ ಕಡಿದ ಆರೋಪ. ಸಾಕ್ಷಿ ಒಬ್ಬ ಸಾಧು ಮನುಷ್ಯ. ಕಟಕಟೆಯಲ್ಲಿ ನಿಂತು, "ಆರೋಪಿಯು ಕತ್ತಿಯಿಂದ ಕಡಿದದ್ದನ್ನು ನಾನು ಪ್ರತ್ಯಕ್ಷವಾಗಿ ಕಂಡಿರುತ್ತೇನೆ" ಎಂದು ಬಾಯಿಪಾಠ ಒಪ್ಪಿಸಿದ. ನಾನು ಎದ್ದು, ಕನ್ನಡ ಬಿಟ್ಟು, "ವಣಸ್ ಆಂಡಾ?" ಎಂದೆ. ಊಟ ಆಯಿತಾ, ಅಷ್ಟೇ. ಅವನ ಹೆಗಲು ಕೆಳಗಿಳಿಯಿತು. ಇಲ್ಲ, ಬೆಳಿಗ್ಗೆಯೇ ಮನೆ ಬಿಟ್ಟದ್ದು ಎಂದ. ಮನೆಯಲ್ಲಿ ಯಾರೆಲ್ಲ ಇದ್ದಾರೆ, ಮಗಳು ಏನು ಓದುತ್ತಿದ್ದಾಳೆ ಎಂದು ತುಳುವಿನಲ್ಲೇ ಕೇಳುತ್ತಾ ಹೋದೆ. ಸರಕಾರಿ ವಕೀಲರು ಆಕ್ಷೇಪ ಎತ್ತಿದರು. ಮ್ಯಾಜಿಸ್ಟ್ರೇಟರು ಘಟ್ಟದ ಮೇಲಿನವರು, ತುಳು ಬಾರದವರು. ಸಾಕ್ಷಿಗೆ ಸುಲಭವಾಗುವುದಾದರೆ ಕೇಳಲಿ, ಗುಮಾಸ್ತರು ಕನ್ನಡ ಮಾಡಿ ಹೇಳಲಿ ಎಂದರು. ಜಗಳದ ದಿನದ ಮಾತು ತೆಗೆದಾಗ ಸಾಕ್ಷಿ ಅದೇ ಧಾಟಿಯಲ್ಲಿ, "ಆ ದಿನ ನಾನು ಊರಿನಲ್ಲಿ ಎಲ್ಲಿದ್ದೆ, ಮಗಳನ್ನು ಹಾಸ್ಟೆಲಿಗೆ ಬಿಡ್ಲಿಕ್ಕೆ ಉಜಿರೆಗೆ ಹೋಗಿದ್ದೆನಲ್ಲ" ಎಂದುಬಿಟ್ಟ. ಕನ್ನಡದಲ್ಲಿ ಅವನು ಕಣ್ಣಾರೆ ಕಂಡಿದ್ದ, ತುಳುವಿನಲ್ಲಿ ಉಜಿರೆಯಲ್ಲಿದ್ದ. ಕೇಸು ಅಲ್ಲಿಗೇ ಬಿದ್ದುಹೋಯಿತು.

ಈ ವಿದ್ಯೆ ನನಗೆ ಬಂದದ್ದು ಅಪ್ಪನ ಅಂಗಡಿಯಿಂದ. ಗಿರಾಕಿ ಕನ್ನಡದಲ್ಲಿ ಮಾತು ಶುರುಮಾಡಿದರೆ, ಇವನು ಮನೆಯಲ್ಲೇ ಯೋಚನೆ ಮಾಡಿಕೊಂಡು ಬಂದಿದ್ದಾನೆ ಎಂದು ಅಪ್ಪ ತಿಳಿದುಕೊಳ್ಳುತ್ತಿದ್ದರು. ಆಗ ಸೀರೆಯ ಸುದ್ದಿಯನ್ನೇ ಎತ್ತದೆ, ತುಳುವಿನಲ್ಲಿ ಮದುವೆ ಯಾರದು, ಗಂಡಿನ ಕಡೆಯವರು ಹೇಗೆ ಎಂದು ವಿಚಾರಿಸುತ್ತಿದ್ದರು. ಮಾತು ತುಳುವಿಗೆ ಇಳಿದ ಮೇಲೆ ಎಂಥ ಸೀರೆ ಬೇಕಾಗಿದೆ ಎನ್ನುವುದು ಗಿರಾಕಿಯ ಬಾಯಿಯಿಂದ ತಾನಾಗಿಯೇ ಬರುತ್ತಿತ್ತು. ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ. ತುಳು ನಮಗೆ ಅಂಗಡಿಯಲ್ಲಿ ದುಡಿದು ಸಂಪಾದಿಸಿದ ಭಾಷೆ. ಅದಕ್ಕೇ ಅದರ ಬೆಲೆ ನನಗೆ ಗೊತ್ತಿತ್ತು.

ಕೇಸು ಗೆದ್ದ ಸಂಜೆ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಗೆಳೆಯ ಕೇಳಿದ, "ಹೇಗೆ ಮಾಡಿದೆ ಮಾರಾಯ?" ಗೆದ್ದ ಉಮೇದಿನಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪನ ಅಂಗಡಿ, ಕನ್ನಡದ ಪಾಠ, ತುಳುವಿನ ಊಟದ ಪ್ರಶ್ನೆ, ಒಂದನ್ನೂ ಬಿಡಲಿಲ್ಲ. ಅವನು ಪ್ಲೇಟಿನ ಕೊನೆಯ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ.

ಅದರ ಮುಂದಿನ ಮಳೆಗಾಲಕ್ಕೆ ಒಂದು ವಾರಪತ್ರಿಕೆಯಲ್ಲಿ ಅವನ ಧಾರಾವಾಹಿ ಶುರುವಾಯಿತು. ಅವನು ಬರೆಯುತ್ತಾನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಾಯಕ ವಕೀಲ, ಎತ್ತರದ ಆಳು, ಹಳೆಯ ದೊಡ್ಡ ಮನೆಯವನು. ಕೊಲೆಗಾರ ಎಷ್ಟೇ ಜಾಣನಿರಲಿ, ನಾಯಕ ಕೊನೆಗೆ ಎದ್ದು ನಿಂತು ಊರ ಮಾತಿನಲ್ಲಿ, "ಊಟ ಆಯಿತಾ?" ಎಂದು ಕೇಳುತ್ತಾನೆ, ಅಲ್ಲಿಂದ ಸುಳ್ಳಿನ ಗಂಟು ಬಿಚ್ಚಿಕೊಳ್ಳುತ್ತದೆ. ಓದಿ ನನ್ನ ಕಿವಿ ಬಿಸಿಯಾಯಿತು. ನನ್ನ ಬಾಯಿ, ನನ್ನ ಅಪ್ಪನ ವಿದ್ಯೆ, ಅವನ ಮೈಕಟ್ಟು!

ಅವನು ಬರೆಯುವ ಕ್ರಮವೂ ಬೇರೆ. ಬಂಟ್ವಾಳದ ಕೋರ್ಟಿನ ಹೊರಗೆ ಅಫಿಡವಿಟ್ಟು, ಅರ್ಜಿ ಹೊಡೆಯುವ ಒಬ್ಬರು ಟೈಪಿಸ್ಟರಿದ್ದರು. ತನ್ನ ದಾವೆ ಕೂಗುವವರೆಗೆ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಕತೆಯನ್ನು ಬಾಯಲ್ಲೇ ಹೇಳುತ್ತಿದ್ದ. ಅವರು ಅರ್ಜಿ ಹೊಡೆದ ಹಾಗೆಯೇ ಕತೆಯನ್ನೂ ಹೊಡೆಯುತ್ತಿದ್ದರು. ಎಲ್ಲಿ ಅವರ ಬೆರಳು ನಿಂತು ತಲೆ ಮೇಲೆದ್ದು, "ಮತ್ತೆ?" ಎಂದು ಕೇಳುತ್ತಾರೋ ಅಲ್ಲಿಗೆ ಆ ವಾರದ ಕಂತು ಮುಗಿಯಿತು. "ಮತ್ತೆ ಎಂಥದು, ಮುಂದಿನ ವಾರ" ಎಂದು ಎದ್ದು ಒಳಗೆ ಹೋಗುತ್ತಿದ್ದ. ಟೈಪಿಸ್ಟರಿಗೆ ಆ ವಾರವಿಡೀ ನಿದ್ದೆಯಿಲ್ಲ. ಓದುಗರಿಗೂ ಅದೇ ಅವಸ್ಥೆ.

ಕಾನೂನಿನ ತಪ್ಪುಗಳೋ, ಕೇಳಬೇಡಿ. ಮಂಗಳೂರಿನ ಸೆಷನ್ಸ್ ಕೋರ್ಟಿಗೆ ಹೋಗಬೇಕಾದ ಕೊಲೆ ಕೇಸನ್ನು ನಮ್ಮ ಬಂಟ್ವಾಳದ ಮ್ಯಾಜಿಸ್ಟ್ರೇಟರ ಎದುರೇ ನಡೆಸಿ ಮುಗಿಸಿದ್ದ. ನಾನು ಅದನ್ನು ಹಿಡಿದು ಕೇಳಿದೆ. "ಮಂಗಳೂರಿಗೆ ಕರ್ಕೊಂಡು ಹೋದ್ರೆ ಕತೆ ಬಸ್ಸಿನಲ್ಲೇ ಮುಗಿತದೆ ಮಾರಾಯ" ಎಂದ. ಹೋಗಲಿ, ನಾನೇ ಸರಿಯಾಗಿ ಬರೆದು ತೋರಿಸುತ್ತೇನೆಂದು ಒಂದು ಬೇಸಿಗೆ ರಜೆಯಲ್ಲಿ ಕೂತೆ. ಎಲ್ಲವೂ ಕಾನೂನಿನ ಪ್ರಕಾರ. ಪುಟಗಟ್ಟಲೆ ಬರೆದರೂ ಸಾಕ್ಷಿಗೆ ಸಮನ್ಸು ಜಾರಿಯಾಗಿರಲಿಲ್ಲ. ಕೊಲೆಗಾರನಿಗಿಂತ ಮೊದಲು ನಾನು ಸುಸ್ತಾದೆ. ಕಳಿಸಿದ ಪತ್ರಿಕೆಯವರು ವಿಷಾದವನ್ನೂ ಬರೆಯದೆ ವಾಪಸು ಮಾಡಿದರು.

ಹೊರಗಿನವರು ಹೊಗಳಿದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ನನ್ನ ಮನೆಗೇ ಆ ವಾರಪತ್ರಿಕೆ ಬರತೊಡಗಿತು. ಒಂದು ಮಧ್ಯಾಹ್ನ ಹೆಂಡತಿ ಕಂತು ಓದಿ ಮುಗಿಸಿ, ಪತ್ರಿಕೆಯನ್ನು ಎದೆಗೆ ಆನಿಸಿಕೊಂಡು, "ಎಂಥ ವಕೀಲ! ನೀವು ಕೋರ್ಟಿನಲ್ಲಿ ಹೀಗೆ ಕೇಳುವುದಿಲ್ವಾ?" ಎಂದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಅದು ನಾನೇ ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇನ್ನು ಸ್ವಲ್ಪ ಸಾರು ಹಾಕ್ಲಾ?" ಎಂದಳು. ಗಲ್ಫಿನಲ್ಲಿದ್ದ ದೊಡ್ಡಣ್ಣ ಫೋನು ಮಾಡಿದವನು ಅಪ್ಪನ ಆರೋಗ್ಯ ವಿಚಾರಿಸುವ ಮೊದಲು, "ಆ ಕಾದಂಬರಿ ಬರಿಯುವ ವಕೀಲರು ನಿನ್ನ ಫ್ರೆಂಡಂತೆ ಹೌದಾ? ನಮ್ಮ ರೂಮಿನವರಿಗೆಲ್ಲ ಅವರ ಒಂದು ಸೈನು ಬೇಕಂತೆ" ಎಂದ. ನಾನು ಸೈನು ಹಾಕಿಸಿ ಕಳಿಸಿದೆ. ಗೆಳೆಯ ವಾರಪತ್ರಿಕೆಯ ಮೇಲೆ ಪ್ರೀತಿಯಿಂದ ಎಂದು ಬರೆಯುವಾಗ ಪೆನ್ನಿನಲ್ಲಿ ಶಾಯಿ ಮುಗಿಯಲಿ ಎಂದು ಬೇಡಿಕೊಂಡೆ. ಮುಗಿಯಲಿಲ್ಲ.

ಧಾರಾವಾಹಿಗಳು ಪುಸ್ತಕಗಳಾದವು. ಮುಖಪುಟದಲ್ಲಿ ರಕ್ತ, ಹಿಂಬದಿಯಲ್ಲಿ ಕಪ್ಪು ಕೋಟಿನ ಅವನ ಫೋಟೋ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಅವು ಬಾಳೆಗೊನೆಯ ಪಕ್ಕದಲ್ಲಿ ನೇತಾಡುತ್ತಿದ್ದವು. ನಾನು ಬಾಳೆಹಣ್ಣು ಕೊಳ್ಳುವ ಅಂಗಡಿಯನ್ನೇ ಬದಲಿಸಿದೆ. ಪ್ರತಿ ಪುಸ್ತಕ ಬಂದಾಗಲೂ ಮೊದಲು ತೆರೆಯುತ್ತಿದ್ದದ್ದು ಮುನ್ನುಡಿಯನ್ನು. ಅಲ್ಲಿ ಅವನು ಟೈಪಿಸ್ಟರನ್ನು ನೆನೆದ, ಹೆಂಡತಿಯನ್ನು ನೆನೆದ, ಹಿರಿಯ ವಕೀಲರನ್ನು ನೆನೆದ, ಹಸ್ತಪ್ರತಿಯ ಕಟ್ಟನ್ನು ಜೋಪಾನವಾಗಿ ತಲುಪಿಸಿದ ಬಸ್ಸಿನ ಕಂಡಕ್ಟರನನ್ನೂ ನೆನೆದ. ನನ್ನ ವಿಷಯ ಒಂದಕ್ಷರ ಇಲ್ಲ. ಕಂಡಕ್ಟರನಿಗೆ ಸಿಕ್ಕಿದ ಮರ್ಯಾದೆ ನನಗಿಲ್ಲವಲ್ಲ ಎಂದು ಆ ರೂಟಿನ ಬಸ್ಸಿನ ಮೇಲೂ ಸಿಟ್ಟು ಬರುತ್ತಿತ್ತು.

ಅವನಿಗೂ ಒಂದು ತೊಂದರೆ ಆಗದೆ ಇರಲಿಲ್ಲ. ಕಾದಂಬರಿಯ ನಾಯಕ ಅವನೇ ಎಂದು ಊರೆಲ್ಲ ನಂಬಿತ್ತು. ಆ ನಾಯಕ ಸುಳ್ಳನ್ನು ಹೇಗೆ ಹೊರತೆಗೆಯುತ್ತಾನೆ ಎನ್ನುವುದೂ ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಎದುರು ಪಕ್ಷದವರು ತಮ್ಮ ಸಾಕ್ಷಿಗಳಿಗೆ, "ಆ ಉದ್ದದ ವಕೀಲರು ತುಳುವಿನಲ್ಲಿ ಕೇಳಿದ್ರೆ ಬಾಯಿ ಬಿಡ್ಬೇಡಿ" ಎಂದು ಹೇಳಿ ಕಳಿಸುತ್ತಿದ್ದರು. ಒಂದು ಪಾಲಿನ ದಾವೆಯಲ್ಲಿ ಅವನು ಮುದುಕಿಯೊಬ್ಬಳನ್ನು ನಿಜವಾದ ಮರ್ಯಾದೆಗೇ, ಕಾಲುನೋವು ಹೇಗುಂಟು ಎಂದು ತುಳುವಿನಲ್ಲಿ ವಿಚಾರಿಸಿದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ತನಗೆ ಬಾರದ ಕನ್ನಡದಲ್ಲಿ, "ನನಗೆ ಕಾಲು ಇರುವುದಿಲ್ಲ" ಎಂದಳು. ಆ ದಿನ ನಾನು ಮನೆಗೆ ಹೋಗುವವರೆಗೂ ನಗುತ್ತಿದ್ದೆ. ನನ್ನನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಜನರ ಪಾಲಿಗೆ ನಾನು ಬಟ್ಟೆ ಅಂಗಡಿಯವರ ಮಗ, ಸಿಕ್ಕಿದವರ ಹತ್ತಿರ ಊಟ ಆಯಿತಾ ಎಂದು ಕೇಳುವ ಪಾಪದ ವಕೀಲ. ಸಾಕ್ಷಿಗಳು ನನ್ನ ಎದುರು ಮೊದಲಿನ ಹಾಗೆಯೇ ತುಳುವಿನಲ್ಲಿ ಬಾಯಿ ಬಿಡುತ್ತಿದ್ದರು. ನಾನು ಕೇಸುಗಳನ್ನು ಗೆಲ್ಲುತ್ತಲೇ ಇದ್ದೆ. ಒಮ್ಮೆಯಂತೂ ಬೆಳ್ತಂಗಡಿಗೆ ಹೊಸದಾಗಿ ಬಂದ ಮ್ಯಾಜಿಸ್ಟ್ರೇಟರೊಬ್ಬರು ಚೇಂಬರಿನಲ್ಲಿ ನನ್ನನ್ನು ನೋಡಿ ನಕ್ಕು, "ನೀವು ಆ ಕಾದಂಬರಿಗಳನ್ನು ತುಂಬಾ ಓದ್ತೀರಿ ಅಂತ ಕಾಣ್ತದೆ. ಅದರ ಹೀರೋ ಹಾಗೇ ಕೇಳ್ತೀರಲ್ಲ" ಎಂದರು. ಹೌದು ಸರ್ ಎಂದು ಹೊರಗೆ ಬಂದು, ಜಗಲಿಯ ಕಂಬಕ್ಕೆ ಕೈಯಲ್ಲಿದ್ದ ಫೈಲಿನಿಂದ ಬಡಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ವಾರಪತ್ರಿಕೆ ಓದುವವರು ಕಡಿಮೆಯಾದರು, ಮನೆಮನೆಯಲ್ಲಿ ಟೀವಿ ಧಾರಾವಾಹಿ ಬಂತು. ಈಗಲಾದರೂ ಇವನನ್ನು ಮರೆಯುತ್ತಾರೆ ಎಂದು ನಾನು ಕಾದೆ. ಮರೆಯುವ ಬದಲು ಸನ್ಮಾನ ಶುರುಮಾಡಿದರು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ದೊಡ್ಡ ಸಮಾರಂಭ ಇಟ್ಟುಕೊಂಡರು. ಅವನೇ ಮನೆಗೆ ಬಂದು, "ನೀನು ಬರ್ಲೇಬೇಕು. ನನ್ನ ಕಾರಿನಲ್ಲೇ ಹೋಗುವ" ಎಂದ. ಇವತ್ತು ಹೇಳುತ್ತಾನೆ ಎಂದು ನನಗೆ ಅನಿಸಿತು. ಇಲ್ಲದಿದ್ದರೆ ಮನೆತನಕ ಬಂದು ಯಾಕೆ ಕರೆಯಬೇಕು? ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟೆ. ವೇದಿಕೆಗೆ ಕರೆದರೆ ಇರಲಿ ಎಂದು ಚಪ್ಪಲಿ ಬಿಟ್ಟು ಶೂ ಹಾಕಿಕೊಂಡೆ.

ಶಾಲು, ಹಣ್ಣಿನ ಬುಟ್ಟಿ, ಪೇಟ ಎಲ್ಲ ಆಯಿತು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಅವನು ಭಾಷಣದಲ್ಲಿ ಮತ್ತೆ ಟೈಪಿಸ್ಟರನ್ನು ನೆನೆದ. ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ಊರ ಭಾಷೆಯಲ್ಲಿ ಕೇಳಿ ಸತ್ಯ ಹೊರಡಿಸುವ ಐಡಿಯಾ ನಿಮಗೆ ಎಲ್ಲಿಂದ ಬಂತು?" ಎಂದು ಕೇಳಿದಳು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅವನು ಮೈಕಿನ ಹತ್ತಿರ ಬಂದ, ನನ್ನನ್ನು ನೋಡಿದ, ಖಂಡಿತವಾಗಿ ನನ್ನನ್ನೇ ನೋಡಿದ. ಆಮೇಲೆ, "ಅದು ಹೀಗೇ, ಕೋರ್ಟಿನಲ್ಲಿ ನೋಡ್ತಾ ನೋಡ್ತಾ ಬಂದದ್ದು" ಎಂದು ಹೇಳಿ ನಕ್ಕ.

ಯಾವಾಗ ಎದ್ದೆನೋ ನನಗೇ ಗೊತ್ತಿಲ್ಲ. ಮೈಕು ಇಲ್ಲದೆಯೇ, "ನಾನು ಹೇಳ್ತೇನೆ" ಎಂದೆ. ಕಟಕಟೆಗೆ ಕೇಳಿಸಲು ಪಳಗಿದ ಸ್ವರ, ಸಭಾಂಗಣದ ಕೊನೆಯವರೆಗೆ ಹೋಯಿತು. ಅಪ್ಪನ ಅಂಗಡಿ, ಕನ್ನಡದ ಬಾಯಿಪಾಠ, ಉಜಿರೆಯ ಹಾಸ್ಟೆಲಿಗೆ ಮಗಳನ್ನು ಬಿಡಲು ಹೋಗಿದ್ದ ಸಾಕ್ಷಿ, ಗೋಳಿಬಜೆ, ಎಲ್ಲವನ್ನೂ ಹೇಳಿದೆ. ಮೂರು ತಾಲೂಕಿನ ಕೋರ್ಟುಗಳಲ್ಲಿ ಇವತ್ತಿಗೂ ಹೀಗೆ ಕೇಳುವವನು ನಾನೇ ಎಂದೂ ಹೇಳಿದೆ. ಹುಡುಗರು ಶಿಳ್ಳೆ ಹೊಡೆದರು. ಚಪ್ಪಾಳೆ ಅವನ ಭಾಷಣಕ್ಕೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಪತ್ರಿಕೆಯ ವರದಿಗಾರನೊಬ್ಬ ಓಡಿಬಂದು ನನ್ನ ಫೋಟೋ ತೆಗೆದುಕೊಂಡ. ನನಗೆ ಆಗ ಆದಷ್ಟು ಸಂತೋಷ ನನ್ನ ಮದುವೆಯ ದಿನ ಆಗಿರಲಿಲ್ಲ.

ವಾಪಸು ಹೊರಡುವಾಗ ಅವನು ಶಾಲು, ಬುಟ್ಟಿಗಳನ್ನು ಕಾರಿನ ಹಿಂದಿನ ಸೀಟಿಗೆ ಹಾಕಿದ. ಆಮೇಲೆ, "ನೀನು ಅದನ್ನು ಹೇಳ್ಬಾರ್ದಿತ್ತು ಮಾರಾಯ" ಎಂದ.

"ಯಾಕೆ? ನಿನ್ನ ಶಾಲು ಸಣ್ಣ ಆಯ್ತಾ?"

"ಶಾಲು ಮನೆಯಲ್ಲಿ ರಾಶಿ ಉಂಟು, ಬೇಕಾದ್ರೆ ತಕೊಂಡು ಹೋಗು. ಇಷ್ಟು ವರ್ಷ ಸಾಕ್ಷಿಗಳು ನನಗೆ ಹೆದರ್ತಿದ್ರು, ನಿನ್ನ ಎದುರು ಬಾಯಿ ಬಿಡ್ತಿದ್ರು. ನಿನ್ನ ಹೆಸರು ಹೇಳಿದ್ರೆ ನಿನ್ನ ಹೊಟ್ಟೆಪಾಡು ಎಂಥ ಆಗ್ತದೆ ಅಂತ ನಾನು ಬಾಯಿ ಮುಚ್ಚಿ ಕೂತದ್ದು."

ಅವನಿಗೂ ಕೊನೆಗೆ ಹೊಟ್ಟೆಕಿಚ್ಚು ಬಂತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಆ ಮಾತು ಮೊದಲಿನಿಂದ ಅವನ ಮನಸ್ಸಿನಲ್ಲಿತ್ತೋ, ಆ ಹೊತ್ತಿಗೆ ಹೊಳೆಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲಿನಿಂದ ಇದ್ದಿದ್ದರೆ ಅದೂ ಒಂದು ಹೊಟ್ಟೆ ಉರಿಯುವ ವಿಷಯವೇ. ಅಷ್ಟು ದೊಡ್ಡ ಮನಸ್ಸನ್ನೂ ಅವನೇ ಇಟ್ಟುಕೊಳ್ಳಬೇಕೇ? ಮರುದಿನ ಪೇಪರಿನಲ್ಲಿ ನನ್ನ ಫೋಟೋದೊಂದಿಗೆ ಸುದ್ದಿ ಬಂತು. ಹೆಂಡತಿ ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದಳು.

ಅದಾದ ಮೇಲೆ ಬೆಳ್ತಂಗಡಿಯಲ್ಲಿ ಮೊದಲು ಬಂದದ್ದು ನೆರಿಯ ಗ್ರಾಮದ ಒಬ್ಬನ ಕೇಸು. ರಬ್ಬರ್ ಟ್ಯಾಪಿಂಗ್ ಮಾಡಿ ಬದುಕುವ ಮನುಷ್ಯ. ನೀರಿನ ಪೈಪಿನ ವಿಷಯದಲ್ಲಿ ನೆರೆಯವನಿಗೆ ಹೊಡೆದು ಕೈ ಮುರಿದ ಎಂಬ ಆರೋಪ. ಪೆಟ್ಟು ತಿಂದವನನ್ನು ಬಿಟ್ಟರೆ ಕಣ್ಣಾರೆ ಕಂಡೆ ಎನ್ನುವವನು ಒಬ್ಬನೇ, ಆ ನೆರೆಯವನ ಭಾವ. ಈ ಭಾವ ಆ ದಿನ ಊರಿನಲ್ಲೇ ಇರಲಿಲ್ಲ ಎಂದು ನನ್ನ ಕಕ್ಷಿದಾರ ದೇವರಾಣೆ ಹಾಕಿ ಹೇಳಿದ್ದ. ಅದನ್ನು ತೋರಿಸಲು ಬೇರೆ ದಾಖಲೆಯಿಲ್ಲ, ಬೇರೆ ಸಾಕ್ಷಿಯಿಲ್ಲ. ಆ ಭಾವನ ಬಾಯಿಂದಲೇ ಬರಬೇಕು, ಬಾರದಿದ್ದರೆ ಇವನು ಜೈಲಿಗೆ. "ನೀವು ಕೇಳಿದ್ರೆ ಅವ ಹೇಳ್ತಾನೆ ಸಾರ್, ನಿಮ್ಮನ್ನೇ ನಂಬಿದ್ದು" ಎಂದಿದ್ದ.

ಭಾವ ಕಟಕಟೆ ಹತ್ತಿ, ಆರೋಪಿಯು ದೊಣ್ಣೆಯಿಂದ ಹೊಡೆದದ್ದನ್ನು ಪ್ರತ್ಯಕ್ಷವಾಗಿ ಕಂಡಿರುತ್ತೇನೆ ಎಂದು ಒಪ್ಪಿಸಿದ. ಮಾತಿಗೆ ಮಾತು ಅದೇ ಪಾಠ. ಸುಲಭದ ಆಸಾಮಿ ಎಂದು ನನಗೆ ಸಮಾಧಾನವಾಯಿತು. ಎದ್ದು, ಕೋಟು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದೆ.

"ವಣಸ್ ಆಂಡಾ?"

ಅವನು ನನ್ನ ಮುಖವನ್ನು ದಿಟ್ಟಿಸಿ ನೋಡಿದ. ಅವನ ಮುಖ ಅರಳಿತು, ಬಹಳ ದಿನದ ಪರಿಚಯದವರು ಸಿಕ್ಕಿದ ಹಾಗೆ. "ಪೇಪರಿನಲ್ಲಿ ಬಂದದ್ದು ನೀವೇ ಅಲ್ವಾ ಸಾರ್?" ಎಂದ, ಕನ್ನಡದಲ್ಲಿ. "ನಿಮ್ಮ ಹತ್ರ ತುಳು ಮಾತಾಡ್ಬಾರ್ದು ಅಂತ ಹೇಳಿದ್ದಾರೆ."

ಇಡೀ ಕೋರ್ಟು ಗೊಳ್ಳೆಂದಿತು. ಗುಮಾಸ್ತರು ನಕ್ಕರು, ಸರಕಾರಿ ವಕೀಲರು ನಕ್ಕರು, ಬಾಗಿಲಲ್ಲಿದ್ದ ಪೊಲೀಸಿನವನು ಪಕ್ಕದವನಿಗೆ ನನ್ನನ್ನು ಬೆರಳು ಮಾಡಿ, "ಅವ್ರೇ, ಅವ್ರೇ" ಎಂದ. ಮ್ಯಾಜಿಸ್ಟ್ರೇಟರೂ ತಲೆ ಎತ್ತಿ ನನ್ನನ್ನು ಹೊಸದಾಗಿ ನೋಡಿದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಬಹಳ ಖುಷಿಯಾಯಿತು. ಆಮೇಲೆ ಆರೋಪಿಯ ಜಾಗದಲ್ಲಿ ಕೈಕಟ್ಟಿ ನಿಂತಿದ್ದ ನನ್ನ ಕಕ್ಷಿದಾರನ ಕಡೆ ತಿರುಗಿದೆ. ಅವನೊಬ್ಬ ನಗುತ್ತಿರಲಿಲ್ಲ.